ಅಡಿ ತಾಗುವ ಎಸ್‌ಯುವಿ: ಎತ್ತರಿಸುವುದಾ, ತಗಡು ಹಾಕಿಸುವುದಾ?

ಹೆಬ್ರಿ ಕಡೆ ಡಾಂಬರು ರಸ್ತೆ ಬಿಟ್ಟ ಮೇಲೆ ನನ್ನ ಹೆಂಡತಿಯ ತವರಿಗೆ ಇನ್ನೂ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ ಇದೆ. ಮುರಕಲ್ಲಿನ ಗುಡ್ಡೆ ಕಡಿದು ಮಾಡಿದ ದಾರಿ. ಮಳೆಗಾಲ ಮುಗಿಯುವ ಹೊತ್ತಿಗೆ ಚಕ್ರ ಹೋಗುವ ಎರಡೂ ಸಾಲು ಗೇಣುದ್ದ ಇಳಿದು, ನಡುವಿನ ದಿಬ್ಬ ಹಾಗೇ ನಿಂತಿರುತ್ತದೆ. ನಾನೊಬ್ಬನೇ ಹೋದರೆ ಗಾಡಿ ಆರಾಮಾಗಿ ದಾಟುತ್ತದೆ. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ, ಬರುವಾಗ ಡಿಕ್ಕಿಯಲ್ಲಿ ಎರಡು ಗೋಣಿ ತೆಂಗಿನಕಾಯಿ ಇದ್ದರೆ ಅದೇ ದಿಬ್ಬ ಅಡಿಗೆ ಕರ್ರೋ ಅಂತ ಉಜ್ಜುತ್ತದೆ. ಆ ಸದ್ದು ಕೇಳಿದವರಿಗೇ ಗೊತ್ತು, ನಮ್ಮ ಹೊಟ್ಟೆಯೇ ಉಜ್ಜಿದ ಹಾಗೆ ಇರುತ್ತದೆ.

"ಎಂತ ಭಾವ, ಗಾಡಿಯನ್ನು ಒಂದು ಇಂಚು ಎತ್ತಿಸಿಬಿಡಿ, ಈಗ ಎಲ್ಲರೂ ಮಾಡಿಸ್ತಾರೆ" ಅಂದ ಹೆಂಡತಿಯ ತಮ್ಮ. ನಾನೂ ಮಾಡಿಸಿದೆ. ಏಳು ತಿಂಗಳಲ್ಲಿ ತೆಗೆಸಿದೆ. ಆಮೇಲೆ ಬೇರೆ ದಾರಿ ಹಿಡಿದೆ. ಮಂಗಳೂರು, ಉಡುಪಿ ಕಡೆ ಇಂಥದ್ದೇ ಗಾಡಿ, ಇಂಥದ್ದೇ ದಾರಿ ಇರುವವರು ಬಹಳ ಜನ. ಅವರಿಗೆ ನನ್ನಷ್ಟು ದುಡ್ಡು ದಂಡ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಡಿಗೆ ಮಲಗಿ ನೋಡಿ

ಅಂಗಡಿಗೆ ಹೋಗುವ ಮೊದಲು ಒಂದು ಹಳೆ ಚಾಪೆ, ಒಂದು ಟಾರ್ಚ್ ಹಿಡಿದು ಗಾಡಿ ಅಡಿಗೆ ಮಲಗಿ. ಇಂಜಿನ್ ತಣ್ಣಗಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗಾಡಿ ಸಮ ನೆಲದಲ್ಲಿರಲಿ. ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ಯಾವತ್ತೂ ಹೋಗಬೇಡಿ.

ಉಜ್ಜಿದ ಗುರುತು ಎಲ್ಲಿದೆ ಅಂತ ಹುಡುಕಬೇಕು. ಮುಂದಿನ ಬಂಪರಿನ ಕೆಳ ಅಂಚಲ್ಲಿ ಮಾತ್ರ ಗೀರು ಇದ್ದರೆ ಅದು ಗಂಭೀರ ಅಲ್ಲ. ಗೇಟಿನ ಎದುರಿನ ಇಳಿಜಾರಿಗೆ ಮೂತಿ ತಾಗುತ್ತಿದೆ, ಅಷ್ಟೇ. ಇಂಜಿನ್ ಅಡಿಯ ಕಪ್ಪು ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಎಚ್ಚರ ಬೇಕು. ಅದರ ಮೇಲೆಯೇ ಇಂಜಿನ್ ಆಯಿಲ್ ನಿಲ್ಲುವ ಸಂಪ್ ಇದೆ, ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಅಂತಾರಲ್ಲ, ಅದು. ಎಷ್ಟೋ ಗಾಡಿಗಳಲ್ಲಿ ಈಗ ಅದು ಎರಕದ ಅಲ್ಯುಮಿನಿಯಂ. ಹಳೆಯ ಕಬ್ಬಿಣದ ಚೇಂಬರ್ ತಗ್ಗಾಗುತ್ತಿತ್ತು, ಇದು ಸೀಳುತ್ತದೆ. ನಡು ಭಾಗದಲ್ಲಿ, ಅಂದರೆ ಸೀಟಿನ ಕೆಳಗೆ ಸೈಲೆನ್ಸರ್ ಪೈಪಿನ ಸುತ್ತಮುತ್ತ ಗುರುತಿದ್ದರೆ ನನ್ನ ಹಾಗೆ ದಿಬ್ಬದ ಸಮಸ್ಯೆ. ಹಿಂದೆ ಸ್ಟೆಪ್ನಿ ಅಥವಾ ಬಂಪರ್ ತಾಗುತ್ತಿದ್ದರೆ ಹೊರೆ ಜಾಸ್ತಿ ಆಗಿ ಹಿಂಬದಿ ಕುಸಿಯುತ್ತಿದೆ ಅಂತ ಅರ್ಥ.

ಆಮೇಲೆ ಟೇಪ್ ಹಿಡಿಯಿರಿ. ಚಕ್ರದ ನಡುವಿನ ಬಿಂದುವಿನಿಂದ ನೇರ ಮೇಲೆ ಫೆಂಡರಿನ ಅಂಚಿನ ತನಕ ಅಳೆದು ನಾಲ್ಕೂ ಕಡೆ ಬರೆದಿಟ್ಟುಕೊಳ್ಳಿ. ಟೈರಿನ ಗಾಳಿ ಹೆಚ್ಚು ಕಡಿಮೆ ಇದ್ದರೂ ಈ ಅಳತೆ ಬದಲಾಗುವುದಿಲ್ಲ. ಒಮ್ಮೆ ಖಾಲಿ ಗಾಡಿ, ಇನ್ನೊಮ್ಮೆ ಮನೆಯವರನ್ನೆಲ್ಲ ಕೂರಿಸಿ, ಸಾಮಾನು ತುಂಬಿ. ಅಂಗಳದಲ್ಲಿ ನಾನು ಇದನ್ನು ಮಾಡುವಾಗ ಅಮ್ಮ ಹಿಂದಿನ ಸೀಟಲ್ಲಿ ಕೂತು "ಎಲ್ಲಿಗೆ ಹೋಗುದು?" ಅಂತ ಕೇಳುತ್ತಿದ್ದರು. ನಮ್ಮ ಗಾಡಿ ಹಿಂದೆ ಐದೂವರೆ ಸೆಂಟಿಮೀಟರ್ ಇಳಿಯಿತು. ಅದೂ ಎಡಬಲ ಒಂದೇ ಸಮ ಅಲ್ಲ, ಬಲಗಡೆ ಇನ್ನೂ ಒಂದು ಸೆಂಟಿಮೀಟರ್ ಜಾಸ್ತಿ. ಆರು ವರ್ಷ ಓಡಿದ ಸ್ಪ್ರಿಂಗ್ ಸೋತಿತ್ತು. ಇದನ್ನು ಮೊದಲೇ ಅಳೆದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಕಂಪನಿಯವರು ಹೇಳುವ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಎತ್ತರ, ಸಾಮಾನ್ಯವಾಗಿ ಖಾಲಿ ಗಾಡಿಯದ್ದು. ಕ್ರೆಟಾಕ್ಕೆ 190 ಮಿಲಿಮೀಟರ್, ಬ್ರೆಜ್ಜಾಕ್ಕೆ 198, ಹಳೆಯ ಡಸ್ಟರಿಗೆ 205, ಜಿಮ್ನಿಗೆ 210, ಥಾರ್‌ಗೆ 226. ಕಾಗದದಲ್ಲಿ ಇವುಗಳ ನಡುವಿನ ಅಂತರ ಒಂದೆರಡು ಬೆರಳು. ಹಿಂದಿನ ಸೀಟಲ್ಲಿ ಮೂವರು ಕೂತರೆ ಅದಕ್ಕಿಂತ ಜಾಸ್ತಿ ಇಳಿದುಹೋಗುತ್ತದೆ. ಹಾಗಾಗಿ ಪಕ್ಕದ ಮನೆಯವರ ಗಾಡಿ ದಾಟಿತು, ನಮ್ಮದು ದಾಟಲಿಲ್ಲ ಅಂದರೆ ಮೊದಲು ಅವರ ಗಾಡಿಯಲ್ಲಿ ಎಷ್ಟು ಜನ ಇದ್ದರು ಅಂತ ಕೇಳಿ.

ತಾಗುವ ಜಾಗ ಒಂದೇ ಆಗಿದ್ದು ಅದೂ ನಿಮ್ಮದೇ ದಾರಿಯಾಗಿದ್ದರೆ, ದಾರಿಯನ್ನೇ ಸರಿ ಮಾಡುವುದೂ ಒಂದು ಆಯ್ಕೆ. ತಮಾಷೆ ಅಲ್ಲ. ಎರಡು ಟಿಪ್ಪರ್ ಚರಳು, ಅರ್ಧ ದಿನ ಜೆಸಿಬಿ, ನೀರು ಹರಿಯಲು ಬದಿಯಲ್ಲೊಂದು ಕಣಿ. ಎಷ್ಟೋ ಸಲ ಗಾಡಿ ಎತ್ತರಿಸುವ ಒಳ್ಳೆಯ ಲಿಫ್ಟ್ ಕಿಟ್‌ಗಿಂತ ಇದು ಅಗ್ಗ. ಹಾಲಿನವನ ಬೈಕಿಗೂ ಉಪಕಾರ.

ಎತ್ತರಿಸುವ ನಾಲ್ಕೈದು ದಾರಿ

ಎಲ್ಲಕ್ಕಿಂತ ಅಗ್ಗದ್ದು ಸ್ಪ್ರಿಂಗ್ ಬಫರ್. ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ತುಂಡು. ಅರ್ಧ ಗಂಟೆ ಕೆಲಸ, ಎಕ್ಸೆಸರೀಸ್ ಅಂಗಡಿಯಲ್ಲೇ ಹಾಕಿಕೊಡುತ್ತಾರೆ. ಗಾಡಿ ಎದ್ದಂತೆ ಕಾಣುತ್ತದೆ. ಆದರೆ ಆಗಿರುವುದು ಏನು? ರಬ್ಬರ್ ಸಿಕ್ಕಿಕೊಂಡ ಸುರುಳಿ ಕೆಲಸ ನಿಲ್ಲಿಸಿದೆ. ಹೊರೆಯೆಲ್ಲ ಉಳಿದ ಸುರುಳಿಗಳ ಮೇಲೆ. ಗಾಡಿ ಗಡುಸಾಗುತ್ತದೆ, ಸ್ಪ್ರಿಂಗ್ ಬೇಗ ಸೋಲುತ್ತದೆ, ಕೆಲವು ಸಲ ತುಂಡೇ ಆಗುತ್ತದೆ. ರಬ್ಬರಿನ ಸಂದಿಯಲ್ಲಿ ಮಣ್ಣು, ನೀರು ನಿಂತು ಪೇಂಟ್ ಎದ್ದುಹೋಗುತ್ತದೆ. ನಮ್ಮ ಮಳೆಗೆ ಇದು ಬೇಡವೇ ಬೇಡ.

ಎರಡನೆಯದು ಸ್ಪೇಸರ್. ಶಾಕ್ ಅಬ್ಸಾರ್ಬರಿನ ತಲೆಯ ಮೇಲೆ, ಇಲ್ಲವೇ ಸ್ಪ್ರಿಂಗಿನ ಬುಡದಲ್ಲಿ ಕೂರುವ ಬಿಲ್ಲೆ. ಪಾಲಿಯುರೆಥೇನ್ ಅಥವಾ ಅಲ್ಯುಮಿನಿಯಂ. ನಾನು ಬಿದ್ದದ್ದು ಇದಕ್ಕೇ. 30 ಮಿಲಿಮೀಟರ್ ಬಿಲ್ಲೆ ಮುಂದೆ ಶಾಕ್ ತಲೆಗೆ, ಹಿಂದೆ ಸ್ಪ್ರಿಂಗ್ ಕೆಳಗೆ. ಹಾಕಿದ ಅಂಗಡಿಯವರು ಬೆಳಿಗ್ಗೆ ಗಾಡಿ ಇಟ್ಟುಕೊಂಡು ಮಧ್ಯಾಹ್ನ ಕೊಟ್ಟರು. ಚಕ್ರಗಳ ಕೋನ ಸರಿಹೊಂದಿಸುವ ಅಲೈನ್‌ಮೆಂಟ್ ಕೇಳಿದ್ದಕ್ಕೆ "ಬೇಡ ಸರ್, ಒಂದು ಇಂಚಿಗೆ ಎಂತ ಆಗುದಿಲ್ಲ" ಅಂದರು. ಮೊದಲ ತಿಂಗಳು ಸಂಭ್ರಮ. ದಿಬ್ಬ ತಾಗಲಿಲ್ಲ. ಗಾಡಿ ಎತ್ತರಕ್ಕೆ ನಿಂತದ್ದನ್ನು ನೋಡಿ ಹೆಂಡತಿಯ ತಮ್ಮ ಫೋಟೋ ತೆಗೆದ.

ಏಳನೇ ತಿಂಗಳಲ್ಲಿ ಚಕ್ರ ತೊಳೆಯುವಾಗ ಎಡಗಡೆಯ ರಿಮ್ಮಿನ ಒಳಭಾಗದಲ್ಲಿ ಕಪ್ಪು ಗೆರೆ ಕಂಡಿತು. ಬೆರಳಲ್ಲಿ ಮುಟ್ಟಿದರೆ ಗ್ರೀಸ್. ಚಕ್ರ ತಿರುಗಿದ ಹಾಗೆ ಎರಚಿ, ಒಂದೇ ಅಗಲದ ಪಟ್ಟಿಯಾಗಿ ಅಂಟಿತ್ತು. ನಮ್ಮ ಮಾಮೂಲಿ ಮೆಕ್ಯಾನಿಕ್ ಗಾಡಿ ಎತ್ತಿ ನೋಡಿ, "ಎಂತ ಸರ್, ಎಕ್ಸೆಲ್ ಬೂಟ್ ಹರಿದು ಎಷ್ಟು ದಿನ ಆಯ್ತು?" ಅಂತ ಕೇಳಿದರು. ಟೈರಿನ ಒಂದು ಅಂಚು ಬೋಳಾಗಿತ್ತು, ಅದನ್ನೂ ಅವರೇ ತೋರಿಸಿದರು.

ಯಾಕೆ ಹೀಗಾಯಿತು ಅಂತ ತಿಳಿದರೆ ಉಳಿದ ಆಯ್ಕೆಗಳೂ ಅರ್ಥವಾಗುತ್ತವೆ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಎಕ್ಸೆಲ್ ಹೋಗುತ್ತದೆ. ಅದು ಹೆಚ್ಚು ಕಡಿಮೆ ನೇರವಾಗಿ ಇರಬೇಕು. ಗಾಡಿಯ ಮೈ ಮಾತ್ರ ಎತ್ತಿದರೆ ಗೇರ್‌ಬಾಕ್ಸ್ ಮೇಲೆ ಹೋಯಿತು, ಚಕ್ರ ನೆಲದಲ್ಲೇ ಉಳಿಯಿತು. ಎಕ್ಸೆಲ್ ಓರೆಯಾಯಿತು. ಅದರ ಕೀಲಿಗೆ ಹೊದಿಸಿದ ರಬ್ಬರ್ ಬೂಟ್ ಒಂದು ಕಡೆ ಮಡಚಿ, ಇನ್ನೊಂದು ಕಡೆ ಹಿಗ್ಗಿ ತಿರುಗುತ್ತದೆ. ಅದು ಹರಿದರೆ ಗ್ರೀಸ್ ಹೊರಗೆ, ಕೆಸರು ಒಳಗೆ. ಮೊದಲೇ ಸ್ವಲ್ಪ ಹಳತಾದ ಬೂಟ್ ಇದ್ದರೆ ಕೇಳುವುದೇ ಬೇಡ. ಚಕ್ರದ ಕೋನವೂ ಬದಲಾಗುವುದರಿಂದ ಟೈರ್ ಸವೆಯುತ್ತದೆ. ಬ್ರೇಕ್ ಪೈಪ್, ಎಬಿಎಸ್ ವೈರ್ ಬಿಗಿಯಾಗುತ್ತವೆ. ಅಲೈನ್‌ಮೆಂಟ್ ಮಾಡಿಸಿದ್ದರೆ ಟೈರ್ ಉಳಿಯುತ್ತಿತ್ತು, ಬೂಟಿನ ಆಯುಷ್ಯ ಮಾತ್ರ ಅಷ್ಟೇ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅಂಗಡಿಯವರಲ್ಲೂ ಹಲವರು ಇದನ್ನು ಬಿಡಿಸಿ ಹೇಳುವುದಿಲ್ಲ. ಕ್ರೆಟಾ, ಬ್ರೆಜ್ಜಾದಂಥ ಗಾಡಿಗಳಲ್ಲಿ ಮುಂದಿನ ಶಾಕ್ ನೇರ ಚಕ್ರದ ಪಕ್ಕದಲ್ಲೇ ನಿಂತಿರುತ್ತದೆ. ಹಾಗಾಗಿ ಒಂದು ಇಂಚಿನ ಬಿಲ್ಲೆ ಹಾಕಿದರೆ ಸುಮಾರು ಒಂದು ಇಂಚೇ ಏಳುತ್ತದೆ. ಫಾರ್ಚೂನರ್, ಸ್ಕಾರ್ಪಿಯೋ-ಎನ್, ಥಾರ್ ಇವುಗಳಲ್ಲಿ ಮುಂದಿನ ಶಾಕ್ ಲೋವರ್ ಆರ್ಮಿನ, ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳಿನ, ಮಧ್ಯದಲ್ಲೆಲ್ಲೋ ಕೂತಿರುತ್ತದೆ. ಅಲ್ಲಿ ಶಾಕ್ ತಲೆಗೆ ಒಂದು ಇಂಚು ಬಿಲ್ಲೆ ಹಾಕಿದರೆ ಚಕ್ರದಲ್ಲಿ ಒಂದೂವರೆಯಿಂದ ಎರಡು ಇಂಚು ಆಗಬಹುದು. ಬಿಲ್ಲೆ ಎಷ್ಟು ದಪ್ಪ ಅಂತ ಕೇಳಿದರೆ ಸಾಲದು, ಗಾಡಿ ಎಷ್ಟು ಏಳುತ್ತದೆ ಅಂತ ಕೇಳಬೇಕು.

ಮೂರನೆಯದು ಸ್ಪ್ರಿಂಗ್ ಬದಲಿಸುವುದು. ನನ್ನ ಗಾಡಿಯಲ್ಲಿ ಕೊನೆಗೆ ಉಳಿದದ್ದು ಇದೇ, ಆದರೆ ಎತ್ತರದ ಸ್ಪ್ರಿಂಗ್ ಅಲ್ಲ. ಕಂಪನಿಯದ್ದೇ ಹೊಸ ಸ್ಪ್ರಿಂಗ್, ಜೊತೆಗೆ ಹೊಸ ಶಾಕ್, ಹಿಂದೆ ಎರಡೂ ಕಡೆ. ಖಾಲಿ ಗಾಡಿ ಒಂದೂವರೆ ಸೆಂಟಿಮೀಟರ್ ಎದ್ದಿತು. ಹೊರೆ ತುಂಬಿದರೆ ಮೊದಲು ಐದೂವರೆ ಇಳಿಯುತ್ತಿದ್ದದ್ದು ನಾಲ್ಕಕ್ಕೆ ನಿಂತಿತು. ಎರಡೂ ಸೇರಿಸಿದರೆ ತುಂಬಿದ ಗಾಡಿಗೆ ಮೂರು ಸೆಂಟಿಮೀಟರ್ ಸಿಕ್ಕಿತು. ಎಕ್ಸೆಲ್ ಓರೆ ಆಗಲಿಲ್ಲ, ವಾರಂಟಿಯ ತಕರಾರಿಲ್ಲ, ಆರ್‌ಟಿಒ ತಕರಾರಿಲ್ಲ. ಆರೇಳು ವರ್ಷ ಹಳೆಯ ಗಾಡಿಯವರು ಲಿಫ್ಟ್ ಅಂತ ಯೋಚಿಸುವ ಮೊದಲು ಇದನ್ನು ನೋಡಲೇಬೇಕು ಅನ್ನುತ್ತೇನೆ ನಾನು.

ಎತ್ತರದ ಸ್ಪ್ರಿಂಗನ್ನೇ ಹಾಕುವುದಾದರೆ ಅದಕ್ಕೆ ಹೊಂದುವ ಉದ್ದದ ಶಾಕ್ ಬೇಕು. ಹಳೆ ಶಾಕ್‌ಗೆ ಉದ್ದ ಸ್ಪ್ರಿಂಗ್ ಹಾಕಿದರೆ ಚಕ್ರ ಹೊಂಡಕ್ಕೆ ಇಳಿಯುವಾಗ ಶಾಕ್ ತನ್ನ ಕೊನೆಗೆ ಬಂದು ಟಕ್ ಅಂತ ಬಡಿಯುತ್ತದೆ. ಆ ಸದ್ದು ಕೇಳಿದರೆ ಗಾಡಿ ಅಂಗಡಿಗೆ ವಾಪಸ್ ಕೊಂಡುಹೋಗಿ.

ನಾಲ್ಕನೆಯದು ಪೂರ್ತಿ ಕಿಟ್. ಸ್ಪ್ರಿಂಗ್, ಶಾಕ್, ಬುಶ್, ಬೇಕಾದ ಬ್ರಾಕೆಟ್ ಎಲ್ಲ ಒಂದಕ್ಕೊಂದು ಹೊಂದಿಸಿ ಮಾಡಿದ್ದು. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯ ಓಲ್ಡ್ ಮ್ಯಾನ್ ಇಮು, ಅಲ್ಲಿಯದ್ದೇ ಐರನ್‌ಮ್ಯಾನ್ ಹೆಸರು ಕೇಳಿರುತ್ತೀರಿ. ಇಂಥ ಕಿಟ್‌ಗಳು ಮುಖ್ಯವಾಗಿ ಚಾಸಿಸ್ (ಮೈಯ ಕೆಳಗೆ ಬೇರೆಯೇ ಕಬ್ಬಿಣದ ಚೌಕಟ್ಟು) ಇರುವ ಗಾಡಿಗಳಿಗೆ: ಥಾರ್, ಜಿಮ್ನಿ, ಫಾರ್ಚೂನರ್ ಥರದವು. ಬೆಲೆ ಸುಲಭವಾಗಿ ಲಕ್ಷ ದಾಟುತ್ತದೆ. ಇಲ್ಲಿ ಎತ್ತರಕ್ಕಿಂತ ಹೊರೆಯ ಲೆಕ್ಕ ಮುಖ್ಯ. ಯಾವಾಗಲೂ ಎಷ್ಟು ಭಾರ ಇರುತ್ತದೆ ಅಂತ ಕೇಳಿ ಅದಕ್ಕೆ ತಕ್ಕ ಸ್ಪ್ರಿಂಗ್ ಕೊಡುತ್ತಾರೆ. ಶೋಕಿಗೆ ಭಾರೀ ಹೊರೆಯ ಸ್ಪ್ರಿಂಗ್ ತೆಗೆದುಕೊಂಡರೆ ಖಾಲಿ ಗಾಡಿ ಮರದ ಬಂಡಿಯ ಹಾಗೆ ಎಗರುತ್ತದೆ. ಹಾಗೆ ಮಾಡಿಸಿದ ಗೆಳೆಯನೊಬ್ಬನ ಗಾಡಿಯಲ್ಲಿ ಪಡುಬಿದ್ರೆ ತನಕ ಹೋಗಿ ಬಂದ ನನ್ನ ಅಮ್ಮ, "ಇನ್ನು ನಾನು ಬಸ್ಸಲ್ಲೇ ಬರ್ತೇನೆ ಮಗಾ" ಅಂದರು.

ಚಾಸಿಸ್ ಗಾಡಿಯವರಿಗೆ ಇನ್ನೊಂದು ಮಾತು. ಥಾರ್, ಸ್ಕಾರ್ಪಿಯೋ, ಬೊಲೆರೋ, ಫಾರ್ಚೂನರ್ ಇವುಗಳ ಹಿಂದಿನ ಎಕ್ಸೆಲ್ ಒಂದೇ ತೊಲೆಯ ಹಾಗೆ ಇರುತ್ತದೆ, ಮಧ್ಯದಲ್ಲಿ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಗುಂಡು ಹೊಟ್ಟೆ ಜೋತಿರುತ್ತದೆ. ಹಿಂಬದಿಯಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಅದೇ. ಸಸ್ಪೆನ್ಶನ್ ಎಷ್ಟೇ ಎತ್ತಿದರೂ ಆ ಹೊಟ್ಟೆ ಒಂದು ಮಿಲಿಮೀಟರ್ ಮೇಲೇಳುವುದಿಲ್ಲ, ಯಾಕೆಂದರೆ ಅದು ಚಕ್ರಕ್ಕೇ ಸೇರಿದ್ದು. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ.

ಟೈರಿನ ಲೆಕ್ಕ ಬಹಳ ಸುಲಭ, ಆದರೆ ಜನ ಮೋಸ ಹೋಗುವುದೂ ಅಲ್ಲೇ. ಟೈರಿನ ಎತ್ತರ ಹೆಚ್ಚಾದ ಅರ್ಧದಷ್ಟು ಮಾತ್ರ ಗಾಡಿ ಏಳುತ್ತದೆ. 215/65 ಆರ್ 16 ಟೈರ್ ನೆಲದಿಂದ ತಲೆಗೆ ಸುಮಾರು 686 ಮಿಲಿಮೀಟರ್. ಅದರ ಬದಲು 215/70 ಆರ್ 16 ಹಾಕಿದರೆ 707. ಟೈರ್ 21 ಮಿಲಿಮೀಟರ್ ದೊಡ್ಡದಾಯಿತು, ಗಾಡಿ ಎದ್ದದ್ದು 11 ಮಿಲಿಮೀಟರ್ ಒಳಗೆ. ಅಷ್ಟಕ್ಕೆ ಸ್ಪೀಡೋಮೀಟರ್ ಮೂರು ಪರ್ಸೆಂಟ್ ತಪ್ಪು ತೋರಿಸುತ್ತದೆ: ಮುಳ್ಳು 80ರಲ್ಲಿದ್ದರೆ ಮೊದಲಿಗಿಂತ ಎರಡೂವರೆ ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಹೋಗುತ್ತಿರುತ್ತೀರಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುತ್ತದಾ ಅಂತಲೂ ನೋಡಬೇಕು. ಆದರೂ ಟೈರ್ ಹೇಗೂ ಸವೆದು ಬದಲಿಸುವ ಸಮಯ ಬಂದಿದ್ದರೆ, ಕಂಪನಿ ಅದೇ ಗಾಡಿಗೆ ಒಪ್ಪಿದ ಸೈಜುಗಳಲ್ಲಿ ಎತ್ತರದ್ದು ಇದ್ದರೆ, ಇದು ಒಳ್ಳೆಯ ಆಯ್ಕೆಯೇ. ಎತ್ತರದ ಗೋಡೆಯ ಟೈರ್ ಹೊಂಡಗಳನ್ನೂ ಚೆನ್ನಾಗಿ ನುಂಗುತ್ತದೆ.

ಯಾವ ದಾರಿಯಲ್ಲಿ ಎತ್ತಿದರೂ ಗಾಡಿಯ ಭಾರ ಮೇಲೆ ಹೋಗುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ, ಮೇಲೆ ಕ್ಯಾರಿಯರ್ ತುಂಬ ಸಾಮಾನು ಹೇರಿಕೊಂಡು ಹೋದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಹೆಡ್‌ಲೈಟ್ ಮತ್ತೆ ಹೊಂದಿಸದಿದ್ದರೆ ಎದುರಿನವರ ಕಣ್ಣು ಕುಕ್ಕುತ್ತದೆ. ಕನ್ನಡಿಯ ಹಿಂದೆ ಕ್ಯಾಮೆರಾ ಇದ್ದು ತಾನಾಗಿ ಬ್ರೇಕ್ ಹಾಕುವ ಗಾಡಿಯಾದರೆ ಅದನ್ನೂ ಹೊಂದಿಸಬೇಕು. ಆ ಕೆಲಸ ಬರುವವರು ಎಲ್ಲ ಕಡೆ ಇಲ್ಲ.

ಕಾಯ್ದೆ, ವಿಮೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಹೇಳಿದ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ, ಅಂತ ಬಂತು. ಗ್ರೌಂಡ್ ಕ್ಲಿಯರೆನ್ಸ್ ಆರ್‌ಸಿಯಲ್ಲಿ ಬರೆದಿರುವುದಿಲ್ಲ, ನಿಜ. ಆದರೆ ಏನಾದರೂ ಆದ ಮೇಲೆ ವಿಮೆಯ ಸರ್ವೇಯರ್ ಎದುರು ನಿಂತು ಆ ವಾದ ಮಾಡುವ ಪರಿಸ್ಥಿತಿ ಯಾರಿಗೂ ಬೇಡ. ಕಿಟ್ ಹಾಕುವುದಾದರೆ ಮೊದಲೇ ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕುವುದಂತೂ ಬಿಟ್ಟುಬಿಡಿ. 2017ರ ಕೊನೆಯಲ್ಲೇ ಕೇಂದ್ರ ಅದರ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗ್ ಕೆಲಸಕ್ಕೂ ಅದು ಅಡ್ಡ.

ಅಡಿಗೆ ತಗಡು: ಕಬ್ಬಿಣವೋ, ಅಲ್ಯುಮಿನಿಯಮ್ಮೋ

ಈಗ ನನಗೆ ಇಷ್ಟವಾದ ಭಾಗ. ನಮ್ಮ ಕಡೆಯ ಹೆಚ್ಚಿನ ಮನೆಗಳ ಗಾಡಿಗೆ ಬೇಕಾದದ್ದು ಎತ್ತರ ಅಲ್ಲ, ತಾಗಿದರೂ ಏನೂ ಆಗದ ಹಾಗೆ ಒಂದು ತಗಡು. ವರ್ಷಕ್ಕೆ ನಾಲ್ಕು ಸಲ ತಾಗುವ ದಿಬ್ಬಕ್ಕಾಗಿ ಉಳಿದ ಅಷ್ಟೂ ದಿನದ ಓಡಾಟ ಯಾಕೆ ಕೆಡಿಸಿಕೊಳ್ಳಬೇಕು ಅಲ್ವಾ?

ಕಂಪನಿಯಿಂದ ಬರುವ ಪ್ಲಾಸ್ಟಿಕ್ ಹೊದಿಕೆ ಕೆಸರು, ನೀರು ತಡೆಯುತ್ತದೆ, ಕಲ್ಲು ತಡೆಯುವುದಿಲ್ಲ. ಅದರ ಜಾಗದಲ್ಲಿ ಬರುವುದು ಇಂಜಿನ್ ಗಾರ್ಡ್, ಕೆಲವರು ಸಂಪ್ ಗಾರ್ಡ್ ಅಥವಾ ಸ್ಕಿಡ್ ಪ್ಲೇಟ್ ಅಂತಾರೆ.

ಭಾರದ ಲೆಕ್ಕ ನೋಡೋಣ. 80 ಸೆಂಟಿಮೀಟರ್ ಉದ್ದ, 70 ಅಗಲದ ತಗಡು ಅಂದುಕೊಳ್ಳಿ. 3 ಮಿಲಿಮೀಟರ್ ಕಬ್ಬಿಣದ್ದಾದರೆ 13 ಕಿಲೋ. 2 ಮಿಲಿಮೀಟರ್ ಆದರೆ 9 ಕಿಲೋ ಹತ್ತಿರ. 5 ಮಿಲಿಮೀಟರ್ ಅಲ್ಯುಮಿನಿಯಂ ಏಳೂವರೆ ಕಿಲೋ. ಅದೂ ಗಾಡಿಯ ಮೂತಿಯಲ್ಲೇ ನೇತಾಡುವ ಭಾರ. ಚೇಂಬರ್ ಕಾಪಾಡುತ್ತೇನೆ ಅಂತ ದಪ್ಪ ಕಬ್ಬಿಣ ಹಾಕಿ ಮುಂದಿನ ಸ್ಪ್ರಿಂಗ್ ಇಳಿಸಿಕೊಂಡರೆ ಕಥೆ ಮುಗಿಯಿತು. ತಗಡು ಇಂಜಿನ್‌ಗಿಂತ ಕೆಳಗೆ ಕೂರುವುದರಿಂದ ಕ್ಲಿಯರೆನ್ಸ್ ಒಂದೆರಡು ಸೆಂಟಿಮೀಟರ್ ಹೋಗುತ್ತದೆ ಅನ್ನುವುದನ್ನೂ ಮರೆಯಬೇಡಿ.

ಕಬ್ಬಿಣದ ಗುಣ ಏನೆಂದರೆ ಮುರಕಲ್ಲಿನ ಮೇಲೆ ಜಾರಿಕೊಂಡು ಹೋಗುತ್ತದೆ, ಗೀರು ಮಾತ್ರ ಬೀಳುತ್ತದೆ. ತಗ್ಗಾದರೆ ವೆಲ್ಡಿಂಗ್ ಶಾಪಲ್ಲಿ ಬಡಿದು ನೇರ ಮಾಡಬಹುದು. ದೋಷ ತುಕ್ಕು. ಕಲ್ಲು ಪೇಂಟ್ ಕೆರೆದ ಜಾಗದಲ್ಲಿ ಒಂದೇ ಮಳೆಗೆ ಕೆಂಪಾಗುತ್ತದೆ. ಅಲ್ಯುಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ, ಬೆಲೆ ಜಾಸ್ತಿ. ಮೆತ್ತಗಿರುವುದರಿಂದ ಚೂಪಾದ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಆದರೆ ಸಮುದ್ರದ ಬದಿಯಲ್ಲಿ ಇನ್ನೊಂದು ತೊಂದರೆ ಇದೆ. ಅಲ್ಯುಮಿನಿಯಂ ತಗಡಿಗೆ ಸ್ಟೀಲ್ ಬೋಲ್ಟ್ ನೇರ ತಾಗಿ, ನಡುವೆ ಉಪ್ಪುನೀರು ಸೇರಿದರೆ ಬ್ಯಾಟರಿಯ ಹಾಗೆ ಕೆಲಸ ಶುರುವಾಗಿ ಬೋಲ್ಟಿನ ಸುತ್ತ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ನೈಲಾನ್ ವಾಷರ್ ಹಾಕಿ, ಬೋಲ್ಟಿಗೆ ಗ್ರೀಸ್ ಬಳಿದರೆ ಬಹುಕಾಲ ಉಳಿಯುತ್ತದೆ.

ನಾನು ಹಾಕಿಸಿದ್ದು 2 ಮಿಲಿಮೀಟರ್ ಕಬ್ಬಿಣ, ಅಂಚು ಮಡಚಿ ಉದ್ದಕ್ಕೆ ಎರಡು ಏರು ಒತ್ತಿದ್ದು. ಆ ಏರುಗಳಿಂದಾಗಿ ತೆಳು ತಗಡಿಗೂ ಬಿಗಿ ಬರುತ್ತದೆ, 3 ಮಿಲಿಮೀಟರ್ ಬೇಕಾಗುವುದಿಲ್ಲ. ಪೇಂಟಿನ ಬದಲು ಗ್ಯಾಲ್ವನೈಸ್ ಮಾಡಿಸಿ ಮೇಲೆ ಪೌಡರ್ ಕೋಟಿಂಗ್ ಕೊಡಿಸಿದೆ. ನಾಲ್ಕು ವರ್ಷವಾಯಿತು, ಉದ್ದುದ್ದ ಮೂರು ಗೀರು ಇವೆ, ಅಷ್ಟೇ.

ಖರೀದಿಸುವಾಗ ಒಂದಿಷ್ಟು ನೋಡಬೇಕು. ಆಯಿಲ್ ಇಳಿಸುವ ಬೋಲ್ಟಿಗೆ ತಗಡಲ್ಲಿ ಕಿಂಡಿ ಇದೆಯಾ? ಇಲ್ಲದಿದ್ದರೆ ಪ್ರತಿ ಸರ್ವಿಸಿಗೂ ತಗಡು ಇಳಿಸಬೇಕು, ಹುಡುಗರು ಒಂದೆರಡು ಬೋಲ್ಟ್ ಹಾಕಲು ಮರೆಯುತ್ತಾರೆ. ಗಾಳಿಗೆ ಸೀಳು ಇದೆಯಾ? ಬೋಲ್ಟ್ ಕೂರುವುದು ಇಂಜಿನ್ ಅಡಿಯ ಗಟ್ಟಿ ಚೌಕಟ್ಟಾದ ಸಬ್‌ಫ್ರೇಮಿಗಾ, ಇಲ್ಲ ರೇಡಿಯೇಟರ್ ಹಿಡಿದಿರುವ ತೆಳು ಪಟ್ಟಿಗಾ? ಪಟ್ಟಿಗೆ ಸಿಕ್ಕಿಸಿದ್ದರೆ ತಗಡು ಬೇಡ, ಕಲ್ಲಿಗೆ ತಾಗಿದಾಗ ರೇಡಿಯೇಟರನ್ನೇ ಎಳೆದುಕೊಂಡು ಹೋಗುತ್ತದೆ. ಚಾಸಿಸಿಗೆ ಹೊಸ ತೂತು ಕೊರೆಯುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ತಗಡಿನ ಮೇಲ್ಭಾಗ ಬದಿಗೆ ತೆರೆದಿದ್ದರೆ ಹೆಗ್ಗಣಕ್ಕೆ ಬೆಚ್ಚನೆಯ ಮನೆ ಸಿಕ್ಕ ಹಾಗೆ. ನಮ್ಮಲ್ಲಿ ಒಂದು ವಾರ ನಿಲ್ಲಿಸಿದ್ದ ಗಾಡಿಯ ತಗಡಿನ ಮೇಲೆ ಅರ್ಧ ತೆಂಗಿನ ಗೆರಟೆ, ಮಗಳ ಒಂದು ಸಾಕ್ಸ್ ಸಿಕ್ಕಿತ್ತು. ವೈರ್ ಕಡಿದಿರಲಿಲ್ಲ, ಪುಣ್ಯ.

ನಡು ಭಾಗ ತಾಗುವವರು ಸೈಲೆನ್ಸರ್ ಪೂರ್ತಿ ಮುಚ್ಚುವ ತಗಡು ಹಾಕಿಸಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್, ಡೀಸೆಲ್ ಗಾಡಿಯ ಹೊಗೆ ಸೋಸುವ ಡಬ್ಬಿ ಎರಡೂ ವಿಪರೀತ ಬಿಸಿಯಾಗುತ್ತವೆ. ತಗಡಿನ ಮೇಲೆ ಒಣ ಹುಲ್ಲು, ತರಗೆಲೆ ಸಿಕ್ಕಿಕೊಂಡರೆ ಬೆಂಕಿಯ ಭಯ. ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಹೋಗುವ ಬದಿಗೆ ಮಾತ್ರ ಸಣ್ಣ ಪಟ್ಟಿ ಕೊಡಿಸಿದರೆ ಸಾಕು.

ತಗಡು ಇದೆ ಅಂತ ಧೈರ್ಯ ಮಾಡಿ ಜೋರಾಗಿ ಬಡಿದ ಮೇಲೆ ಆಯಿಲ್‌ನ ಕೆಂಪು ದೀಪ ಬಂದರೆ ಅಲ್ಲೇ ಇಂಜಿನ್ ಆಫ್ ಮಾಡಿ. "ಮನೆ ಇನ್ನು ಎರಡೇ ಕಿಲೋಮೀಟರ್" ಅಂತ ಓಡಿಸಿ ಇಂಜಿನ್ನೇ ಹಿಡಿದುಕೊಂಡ ಗಾಡಿಗಳು ಎಲ್ಲ ಗ್ಯಾರೇಜಿನ ಮೂಲೆಯಲ್ಲೂ ಒಂದಿರುತ್ತವೆ.

ಉಪ್ಪು, ಕೆಂಪುಮಣ್ಣು, ಕೋಟಿಂಗ್

ಕಲ್ಲಿಗಿಂತ ದೊಡ್ಡ ಶತ್ರು ನಮಗೆ ಉಪ್ಪು. ಕಡಲ ಗಾಳಿ ಒಂದು ಕಡೆ. ಇನ್ನೊಂದು ಕಡೆ ಮಲ್ಪೆಯಿಂದ, ಮಂಗಳೂರಿನ ಧಕ್ಕೆಯಿಂದ ಹೊರಟ ಮೀನಿನ ಲಾರಿಗಳು ಹೆದ್ದಾರಿ 66ರ ಉದ್ದಕ್ಕೂ ಸುರಿಸಿಕೊಂಡು ಹೋಗುವ ನೀರು. ಅದರ ಹಿಂದೆ ಸಿಕ್ಕಿಕೊಂಡರೆ ನಾವು ಗ್ಲಾಸಿಗೆ ವೈಪರ್ ಹಾಕಿ ಬೈದುಕೊಳ್ಳುತ್ತೇವೆ, ಅಡಿಗೆ ಎರಚಿದ್ದು ಮರೆತೇ ಹೋಗುತ್ತದೆ.

ಜನ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ ಅಂತ ಅಂದುಕೊಂಡಿದ್ದಾರೆ. ಜೂನ್, ಜುಲೈಯಲ್ಲಿ ಟ್ರಾಲ್ ಬೋಟ್ ಕಡಲಿಗೆ ಇಳಿಯುವುದಿಲ್ಲ, ಮೀನಿನ ಲಾರಿ ಕಡಿಮೆ, ಆಟಿಯ ಮಳೆ ಅಡಿಯನ್ನು ದಿನಾ ತೊಳೆಯುತ್ತದೆ. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಮೇ ತನಕ, ಉಪ್ಪು ಅಂಟಿದ್ದು ಅಂಟಿಯೇ ಇರುತ್ತದೆ. ರಾತ್ರಿಯ ಮಂಜು ಅದನ್ನು ಒದ್ದೆ ಇಡುತ್ತದೆ. ಹೆದ್ದಾರಿಯಲ್ಲಿ ದಿನಾ ಓಡಾಡುವವರು ಆ ಎಂಟು ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ಅಡಿಗೆ ಬಾವಿನೀರು ಬಿಡುವುದು ಯಾವ ಕೋಟಿಂಗ್‌ಗಿಂತಲೂ ಕಡಿಮೆ ಅಲ್ಲ. ತಗಡಿನ ಮೇಲೆ ಕೂತ ಕೆಂಪುಮಣ್ಣು ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ, ಅದಕ್ಕೂ ಪೈಪ್ ಬಿಡಿ.

ಕೋಟಿಂಗ್‌ನಲ್ಲಿ ಎರಡು ಜಾತಿ. ಒಂದು ಗಟ್ಟಿಯಾಗುವ ಡಾಂಬರು ಅಥವಾ ರಬ್ಬರ್ ಥರದ್ದು, ಕಪ್ಪಗೆ ದಪ್ಪ ಕೂರುತ್ತದೆ. ಸಣ್ಣ ಕಲ್ಲು ಬಡಿದರೆ ತಡೆಯುತ್ತದೆ, ಸದ್ದೂ ಕಡಿಮೆ ಮಾಡುತ್ತದೆ. ಆದರೆ ಒಣಗಿ ಬಿರುಕು ಬಿಟ್ಟರೆ ನೀರು ಒಳಗೆ ಹೋಗಿ, ಮೇಲೆ ಕಪ್ಪು ಕಂಡರೂ ಕೆಳಗೆ ಕಬ್ಬಿಣ ತಿಂದುಹೋಗುತ್ತಿರುತ್ತದೆ. ನಾನು ಮೊದಲ ಸಲ ಮಾಡಿಸಿದ್ದು ಮೇ ಕೊನೆಗೆ, ಅವಸರದಲ್ಲಿ. ತೊಳೆದ ಗಂಟೆಯೊಳಗೆ ಹೊಡೆದರು. ಮುಂದಿನ ಶಿವರಾತ್ರಿಗೆ ನೋಡಿದರೆ ಹಪ್ಪಳದ ಹಾಗೆ ಎದ್ದಿತ್ತು. ಉಗುರಲ್ಲಿ ಎಬ್ಬಿಸಿದರೆ ಅಡಿಯಲ್ಲಿ ಒದ್ದೆ ಕೆಂಪುಮಣ್ಣು. ಬಾಗಿಲಿನ ಕೆಳಗೆ ನೀರು ಹೋಗುವ ತೂತುಗಳನ್ನೂ ಮುಚ್ಚಿಬಿಟ್ಟಿದ್ದರು.

ಎರಡನೆಯದು ಮೇಣ ಅಥವಾ ಎಣ್ಣೆಯ ಥರದ್ದು, ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್‌ನದ್ದೂ ಇದೆ. ಇದು ಪೂರ್ತಿ ಗಟ್ಟಿಯಾಗುವುದಿಲ್ಲ, ಸಂದಿಗೊಂದಿಗೆ ಹರಿದು ಹೋಗುತ್ತದೆ, ಗೀರಾದರೂ ಮತ್ತೆ ಕೂಡಿಕೊಳ್ಳುತ್ತದೆ. ಧೂಳು ಅಂಟುತ್ತದೆ, ಮೊದಲ ವಾರ ವಾಸನೆ. ನಮ್ಮ ಮಳೆಗೆ ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು. ಆದರೂ ಹಳೆಯ ಗಾಡಿಗೆ, ಅಲ್ಲಲ್ಲಿ ತುಕ್ಕು ಶುರುವಾದ ಗಾಡಿಗೆ ನಾನು ಇದನ್ನೇ ಹೇಳುತ್ತೇನೆ. ಹೊಸ ಗಾಡಿಯಲ್ಲಿ ಕಂಪನಿಯ ಕೋಟಿಂಗ್ ಚೆನ್ನಾಗಿಯೇ ಇರುತ್ತದೆ, ಚಕ್ರದ ಗೂಡಿಗೆ ಗಟ್ಟಿಯದ್ದು, ಬಾಗಿಲ ಕೆಳಗಿನ ಟೊಳ್ಳಿಗೆ ಮೇಣ ಹೊಡೆಸಿದರೆ ಸಾಕು. ಎರಡರಲ್ಲಿ ಯಾವುದನ್ನೂ ಸೈಲೆನ್ಸರ್, ಬ್ರೇಕ್ ಡಿಸ್ಕ್, ಸೆನ್ಸರ್, ರಬ್ಬರ್ ಬುಶ್ ಮೇಲೆ ಹೊಡೆಯಲು ಬಿಡಬೇಡಿ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ತೊಳೆದು, ಎರಡು ದಿನ ಒಣಗಿಸಿ ಮಾಡಿಸಿ.

ಹಾಗಾದರೆ ಯಾರಿಗೆ ಯಾವುದು

ಮಂಗಳೂರು ಪೇಟೆಯಲ್ಲೇ ಓಡಾಟ, ಹಂಪ್ಸಿಗೆ ಮಾತ್ರ ತಾಗುತ್ತದೆ ಅನ್ನುವವರು ಸ್ಪ್ರಿಂಗ್, ಶಾಕ್ ಪರೀಕ್ಷೆ ಮಾಡಿಸಿ, ಕೋಟಿಂಗ್ ಕೊಡಿಸಿ, ಅಲ್ಲಿಗೆ ನಿಲ್ಲಿಸಿ. ತೋಟದ ಮನೆಗೆ ವಾರಕ್ಕೊಮ್ಮೆ ಹೋಗುವವರು ಅದರ ಜೊತೆ ಇಂಜಿನ್ ಗಾರ್ಡ್ ಹಾಕಿಸಿ. ದಿನಾ ಕಲ್ಲುದಾರಿ, ಯಾವಾಗಲೂ ಹೊರೆ, ಚಾಸಿಸ್ ಇರುವ ಗಾಡಿ ಅಂದರೆ ಪೂರ್ತಿ ಕಿಟ್‌ಗೆ ಅರ್ಥ ಇದೆ. ಕ್ರೆಟಾ ಥರದ ಗಾಡಿಗೆ ಎತ್ತಲೇಬೇಕು ಅಂತ ಹಟ ಇದ್ದರೆ ಇಪ್ಪತ್ತು ಮಿಲಿಮೀಟರ್ ದಾಟಬೇಡಿ, ಅದೇ ದಿನ ಅಲೈನ್‌ಮೆಂಟ್, ಹೊಸ ಎಕ್ಸೆಲ್ ಬೂಟ್ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ವರ್ಷಕ್ಕೊಮ್ಮೆ ಕೊಡಚಾದ್ರಿಗೆ ಹೋಗಬೇಕು ಅನ್ನುವ ಆಸೆಗೆ ಕಿಟ್ ಹಾಕಿಸುವವರು ಕೊಲ್ಲೂರಲ್ಲಿ ಗಾಡಿ ನಿಲ್ಲಿಸಿ ಜೀಪ್ ಹಿಡಿಯಿರಿ, ಆ ಡ್ರೈವರುಗಳಿಗೆ ಅಲ್ಲಿನ ಪ್ರತಿ ಕಲ್ಲೂ ಗೊತ್ತು.

ಏನೇ ಮಾಡಿಸಿದರೂ ಅಂಗಡಿಯಿಂದ ಹೊರಡುವ ಮೊದಲು ಪ್ರತಿ ಬೋಲ್ಟಿನ ತಲೆಯಿಂದ ತಗಡಿಗೆ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆಸಿ. 500 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅದೇ ಚಾಪೆ ಹಾಸಿ ಮಲಗಿ ನೋಡಿ. ಗೆರೆ ಒಡೆದು ಎರಡಾಗಿದ್ದರೆ ಬೋಲ್ಟ್ ತಿರುಗಿದೆ. ನಮ್ಮದರಲ್ಲಿ ಎಂಟರಲ್ಲಿ ಒಂದು ತಿರುಗಿತ್ತು, ಹಿಂದಿನ ಎಡಗಡೆಯದ್ದು. 13ರ ಸ್ಪ್ಯಾನರಲ್ಲಿ ಕಾಲು ಸುತ್ತು ಬಿಗಿದು ಹೊಸ ಗೆರೆ ಎಳೆದೆ.